ಡಿಸ್ಕ್ ಬ್ರೇಕು ಮತ್ತು ಹುರುಳಿ ಒಕ್ಕಣೆ

ಬ್ರೇಕಿನ ವಿಷಯದಲ್ಲಿ ನನಗೆ ಯಾರ ಸಲಹೆಯೂ ಬೇಕಾಗಿರಲಿಲ್ಲ. ಮದ್ದೂರಿನ ಮನೆಯಿಂದ ಮಂಡ್ಯದ ಕಚೇರಿಗೆ, ಮಂಡ್ಯದ ಕಚೇರಿಯಿಂದ ಮದ್ದೂರಿನ ಮನೆಗೆ ವರ್ಷಗಟ್ಟಲೆ ಕಾರು ಓಡಿಸಿದವನು ನಾನು. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ತೆವಳಿದ್ದೇನೆ, ಎದುರಿಗೆ ಬಂದ ಎಮ್ಮೆಗಳಿಗೆ ದಾರಿ ಬಿಟ್ಟಿದ್ದೇನೆ, ಒಂದು ಕೋಳಿಯನ್ನೂ ಕೊಂದಿಲ್ಲ. ಇಷ್ಟು ಅನುಭವವಿರುವ ಮನುಷ್ಯ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದರೆ ಸಾಕು, ಎಂಜಿನಿಯರ್ ಆಗಿಬಿಡುತ್ತಾನೆ. ನಾನೂ ಆದೆ.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿ ಭಾಗ್ಯ ಎಂದು ಮೊದಲು ಬರೆದಿದ್ದೆ. ಅವಳು ಓದಿದಳು. ಆದ್ದರಿಂದ, ಇದಕ್ಕೆಲ್ಲ ಕಾರಣ ನಾನೇ.

ಭಾಗ್ಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ವರ್ಗಾವಣೆಯಾಗಿ ಮಳವಳ್ಳಿಯಿಂದ ಆಚೆಗಿನ ಒಂದು ಹಳ್ಳಿಗೆ ಹೋಗುವಂತಾಯಿತು. ಮದ್ದೂರಿನಿಂದ ಮಳವಳ್ಳಿಗೆ ಒಂದು ಬಸ್ಸು. ಅಲ್ಲಿಂದ ಇನ್ನೊಂದು ಬಸ್ಸು, ಅದು ಬಂದರೆ. ಬರದಿದ್ದರೆ ಆಟೋದಲ್ಲಿ ಯಾರದೋ ಮೊಣಕಾಲಿನ ಮೇಲೆ ಅರ್ಧ ಕೂತು ಪ್ರಯಾಣ. ಸಂಜೆ ಮನೆಗೆ ಬಂದವಳು ಬ್ಯಾಗನ್ನು ಕುರ್ಚಿಯ ಮೇಲೆ ಇಟ್ಟು, ತಾನು ನೆಲದ ಮೇಲೆ ಕೂತುಬಿಡುತ್ತಿದ್ದಳು. ಹೀಗೇ ಕೆಲವು ತಿಂಗಳು ಕಳೆದ ಮೇಲೆ ಅವಳು ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿದಳು, ಕಲಿತಳು, ಲೈಸೆನ್ಸನ್ನೂ ತೆಗೆದುಕೊಂಡಳು. ಆಮೇಲೆ ನನಗೆ ಹೇಳಿದಳು.

"ಸಂಕ್ರಾಂತಿ ಆದ ಮಾರನೇ ದಿನದಿಂದ ಕಾರು ನನಗೆ. ನೀವು ಬಸ್ಸಿಗೆ ಹೋಗಿ. ಮಂಡ್ಯಕ್ಕೇನು, ಕೈ ಎತ್ತಿದರೆ ಒಂದು ಬಸ್ಸು ನಿಲ್ಲತ್ತೆ."

ನ್ಯಾಯವಾದ ಮಾತು. ಒಪ್ಪಿದೆ. ಆದರೆ ಆ ರಸ್ತೆ, ಆ ಟಿಪ್ಪರುಗಳು, ಹಿಂದೆ ದೀಪವಿಲ್ಲದ ಆ ಟ್ರ್ಯಾಕ್ಟರುಗಳು, ನಡುವೆ ನಮ್ಮ ಮುದಿ ಕಾರು, ಅದರೊಳಗೆ ಭಾಗ್ಯ! ನನಗೆ ಹೆದರಿಕೆ. ಹೆಂಡತಿಯ ಎದುರು ನಿಂತು "ನಿನಗೇನಾದರೂ ಆದರೆ ನನಗೆ ಗತಿಯಿಲ್ಲ" ಎಂದು ಹೇಳಬಹುದಿತ್ತು. ನಮ್ಮ ಕಡೆಯ ಗಂಡಸರು ಹಾಗೆಲ್ಲ ಹೇಳುವುದಿಲ್ಲ. ಆದ್ದರಿಂದ ಬ್ರೇಕ್ ಸರಿಯಿಲ್ಲ ಎಂದೆ.

"ಚೆನ್ನಾಗೇ ಹಿಡಿಯತ್ತಲ್ಲ ರೀ?"

"ಹಿಡಿಯತ್ತೆ. ಆದರೆ ಹಿಂದಿನ ಚಕ್ರದ್ದು ಡ್ರಮ್ಮು."

"ಮೊದಲಿಂದಲೂ ಡ್ರಮ್ಮೇ ತಾನೆ?"

"ಅದೇ ತೊಂದರೆ," ಎಂದೆ ಗಂಭೀರವಾಗಿ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಡ್ರಮ್ ಬ್ರೇಕ್ ಎಂದರೆ ಚಕ್ರದ ಜೊತೆ ತಿರುಗುವ ಒಂದು ಕಬ್ಬಿಣದ ಬೋಗುಣಿ. ಬ್ರೇಕ್ ತುಳಿದರೆ ಒಳಗಿರುವ ಎರಡು ಪಟ್ಟಿಗಳು ಅಗಲವಾಗಿ ಬೋಗುಣಿಯನ್ನು ಒಳಗಿನಿಂದ ಒತ್ತಿ ಹಿಡಿಯುತ್ತವೆ. ಎಲ್ಲವೂ ಮುಚ್ಚಿದ ಬಾಗಿಲ ಹಿಂದೆ ನಡೆಯುವ ವ್ಯವಹಾರ. ಡಿಸ್ಕ್ ಬ್ರೇಕ್ ಹಾಗಲ್ಲ. ಬಯಲಲ್ಲಿ ತಿರುಗುವ ಒಂದು ತಟ್ಟೆ, ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಇಕ್ಕಳದಂಥ ಒಂದು ಸಾಧನ. ಗಾಳಿ ಆಡುತ್ತದೆ, ಬೇಗ ತಣ್ಣಗಾಗುತ್ತದೆ, ಗಟ್ಟಿಯಾಗಿ ಹಿಡಿಯುತ್ತದೆ. ನಮ್ಮ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಇತ್ತು, ಹಿಂದಿನವಕ್ಕೆ ಇರಲಿಲ್ಲ. ಇದು ಹಿಂದಿನ ಚಕ್ರಗಳಿಗೆ ಆಗಿರುವ ಅನ್ಯಾಯ ಎಂದು ನನಗೆ ತೋರಿತು.

ವಿಡಿಯೋದಲ್ಲಿ ಯಾವುದೋ ದೇಶದ ಒಬ್ಬ ದಾಡಿಯವನು ಡ್ರಮ್ ಬಿಚ್ಚಿ ಡಿಸ್ಕ್ ಹಾಕಿ ನಗುತ್ತಾ ಕೈ ಒರೆಸಿಕೊಂಡ. ನಡುವೆ ಒಂದು ಕಡೆ ಅವನು ಹಿತ್ತಾಳೆಯ ಪುಟ್ಟ ಸಾಮಾನೊಂದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಮಾತಾಡಿದ. ಜಾಹೀರಾತು ಇರಬೇಕು ಎಂದುಕೊಂಡು ಬೆರಳಲ್ಲಿ ಮುಂದಕ್ಕೆ ತಳ್ಳಿದೆ. ಕೊನೆಗೆ, ಹ್ಯಾಂಡ್ ಬ್ರೇಕಿನ ವಿಷಯವನ್ನು ಎರಡನೇ ಭಾಗದಲ್ಲಿ ಹೇಳುತ್ತೇನೆ ಎಂದ. ಎರಡನೇ ಭಾಗ ನೋಡುವಷ್ಟು ವ್ಯವಧಾನ ನನಗಿರಲಿಲ್ಲ.

ಕೊಪ್ಪದ ಸಿದ್ದರಾಜು ಮದ್ದೂರಿನಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದಾನೆ. ನಮ್ಮ ಕಾರಿಗೆ ಹುಷಾರಿಲ್ಲದಾಗಲೆಲ್ಲ ಅವನೇ ಡಾಕ್ಟರು. ಅವನಿಗೆ ವಿಡಿಯೋ ತೋರಿಸಿದೆ. ಅವನೂ ಹಿತ್ತಾಳೆ ಸಾಮಾನಿನ ಭಾಗವನ್ನು ಮುಂದಕ್ಕೆ ತಳ್ಳಿದ. ನಾವಿಬ್ಬರೂ ಒಂದೇ ಮನೋಧರ್ಮದವರು ಎಂದು ಆಗಲೇ ಗೊತ್ತಾಯಿತು.

"ಆಗ್ತದಾ ಸಿದ್ದರಾಜು?"

"ಆಗ್ದೆ ಇರದು ಏನದೆ ಬುಡಣ್ಣ! ನಾನೂವೆ ಒಂದ್ಸತಿ ಮಾಡಿ ನೋಡ್ಬೇಕು ಅಂತ ಬಾಳ ದಿನದಿಂದ ಅಂದ್ಕತಿದ್ದೆ. ಯಾರೂ ಕಾರ್ ಕೊಡಾಕೆ ಒಪ್ತಿರ್ನಿಲ್ಲ."

ಈ ಮಾತಿನಲ್ಲಿ ಒಂದು ಎಚ್ಚರಿಕೆ ಇತ್ತು. ನಾನು ಅದನ್ನು ಉತ್ಸಾಹ ಎಂದು ತಿಳಿದೆ.

ಸಾಮಾನು ಹುಡುಕಿಕೊಂಡು ಇಬ್ಬರೂ ಮಂಡ್ಯದ ಗುಜರಿಗೆ ಹೋದೆವು. ಅಲ್ಲಿ ಒಂದು ದೊಡ್ಡ ಕಾರು ಬಿದ್ದಿತ್ತು. ಮುಂಭಾಗ ಪೂರ್ತಿ ಅಪ್ಪಚ್ಚಿ, ಹಿಂಭಾಗ ಮಾತ್ರ ಮದುವೆಗೆ ಹೊರಟಂತೆ ಫಳಫಳ ಅನ್ನುತ್ತಿತ್ತು. ಹಿಂದಿನ ಚಕ್ರಗಳಲ್ಲಿ ದೊಡ್ಡ ದೊಡ್ಡ ಡಿಸ್ಕುಗಳು!

"ಈ ಕಾರಿಗೆ ಏನಾಗಿತ್ತು?" ಎಂದು ಗುಜರಿಯವನನ್ನು ಕೇಳಿದೆ.

"ಎಲ್ಲೋ ಗುದ್ದವ್ನೆ ಸಾ."

"ಬ್ರೇಕ್ ಹಿಡೀಲಿಲ್ವಾ?"

ಗುಜರಿಯವನು ನನ್ನ ಮುಖವನ್ನು ನೋಡಿ, ಬೇರೆ ಗಿರಾಕಿಯ ಕಡೆಗೆ ಹೋದ. ನಾವು ಡಿಸ್ಕುಗಳನ್ನು ಬಿಚ್ಚಿಕೊಂಡು ಬಂದೆವು.

ನಮ್ಮ ಕಾರು ಚಿಕ್ಕದು, ಡಿಸ್ಕು ದೊಡ್ಡದು. ಕೂಡಿಸಲು ಮಂಡ್ಯದ ಲೇತಿನವರ ಹತ್ತಿರ ಕಬ್ಬಿಣದ ಪಟ್ಟಿಗಳನ್ನು ಕೊರೆಸಬೇಕಾಯಿತು. ಕೂಡಿಸಿದ ಮೇಲೆ ನಮ್ಮ ಚಕ್ರಗಳು ಅದರ ಮೇಲೆ ಕೂರಲಿಲ್ಲ. ಆದ್ದರಿಂದ ಅದೇ ದೊಡ್ಡ ಕಾರಿನ ಚಕ್ರಗಳನ್ನೂ ತರಬೇಕಾಯಿತು. ಒಂದಕ್ಕೆ ಇನ್ನೊಂದು ಸೇರಿ, ಒಂದು ವಾರದ ಕೆಲಸ ಎಂದದ್ದು ಡಿಸೆಂಬರ್ ಪೂರ್ತಿ ನುಂಗಿತು. ಅಷ್ಟು ದಿನವೂ ನಾನು ಕಚೇರಿಗೆ ಬಸ್ಸಿನಲ್ಲಿ, ಭಾಗ್ಯ ಶಾಲೆಗೆ ಬಸ್ಸಿನಲ್ಲಿ. ಕಾರಿರುವ ಮನೆಯವರು ಎಂಬ ಹೆಸರು ಮಾತ್ರ ನಮಗೆ.

ಕೊನೆಗೊಂದು ದಿನ ಕಾರು ಮನೆಗೆ ಬಂತು. ಮುಂದೆ ಚಿಕ್ಕ ಚಕ್ರ, ಹಿಂದೆ ದೊಡ್ಡ ಚಕ್ರ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಅದನ್ನು ಬಹಳ ಹೊತ್ತು ನೋಡಿದರು.

"ಯಾಕ್ಲಾ ಮಗ, ಕಾರು ಬಗ್ಗಿ ಏನೋ ಉಡುಕ್ತಾ ಅದೆ?"

"ಅದು ಸ್ಟೈಲು ಕಣಮ್ಮ."

"ಏನ್ ಸ್ಟೈಲೋ ಕಾಣೆ. ಕೂತ್ರೆ ಮುಂದ್ಕೆ ಜಾರ್ಕ ಓಗ್ತೀನಲ್ಲ." ಆಮೇಲೆ ಸಿದ್ದರಾಜು ಗೋಣಿಚೀಲದಲ್ಲಿ ತಂದಿದ್ದ ಹಳೆಯ ಡ್ರಮ್ಮುಗಳ ಮೇಲೆ ಅವರ ಕಣ್ಣು ಬಿತ್ತು. "ಇವು ಬ್ಯಾಡ್ವಾ ನಿಂಗೆ?"

"ಬೇಡ. ಇನ್ನು ಜನ್ಮದಲ್ಲಿ ಬೇಡ."

ಸಂಜೆಯೊಳಗೆ ಒಂದು ಡ್ರಮ್ಮಿನಲ್ಲಿ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದರು. ತಳದಲ್ಲಿ ಬೋಲ್ಟಿನ ತೂತುಗಳಿದ್ದುದರಿಂದ ನೀರು ನಿಲ್ಲುವುದಿಲ್ಲವಂತೆ, ಗಿಡಕ್ಕೆಂದೇ ಮಾಡಿಸಿದ ಹಾಗಿದೆಯಂತೆ. ಇನ್ನೊಂದನ್ನು ಬೆಕ್ಕು ಎಳೆಯದ ಹಾಗೆ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಹೇರಿದರು.

ಸಂಕ್ರಾಂತಿಗೆ ಎರಡು ದಿನ ಇರುವಾಗ ಒಂದು ಭಾನುವಾರ ಬಂತು. ಮೂವರೂ ಕಾರಿನಲ್ಲಿ ಮಳವಳ್ಳಿಯವರೆಗೆ ಹೋಗಿ ಬರುವುದೆಂದು ತೀರ್ಮಾನವಾಯಿತು. ಭಾಗ್ಯಳಿಗೆ ದಾರಿಯ ಹೊಂಡಗಳ ಪರಿಚಯವಾಗಲಿ ಎಂದು ನನ್ನ ಉದ್ದೇಶ. ಹೊರಡುವ ಮೊದಲು ಪೂಜೆ. ನಮ್ಮ ಬೀದಿ ಸ್ವಲ್ಪ ಇಳಿಜಾರು. ಅಮ್ಮ ನಾಲ್ಕೂ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಕರ್ಪೂರ ಹೊತ್ತಿಸಿದರು. ಮಂಗಳಾರತಿ ತೆಗೆದುಕೊಳ್ಳೋಣವೆಂದು ನಾನು ಹ್ಯಾಂಡ್ ಬ್ರೇಕ್ ಎಳೆದು ಕೆಳಗಿಳಿದೆ. ಎಂದೂ ಇಲ್ಲದಷ್ಟು ಸಲೀಸಾಗಿ ಅದು ಮೇಲೆ ಬಂತು. ಎಲ್ಲ ಹೊಸದಾಗಿದೆಯಲ್ಲ, ಹಾಗಾಗಿ ನಯವಾಗಿದೆ ಎಂದುಕೊಂಡೆ.

ಕಾರು ಮೆಲ್ಲಗೆ ಹಿಂದಕ್ಕೆ ಹೊರಟಿತು.

ನಿಂಬೆಹಣ್ಣುಗಳು ಇದ್ದಲ್ಲಿಯೇ ಇದ್ದವು. ಕಾರು ಇಳಿಜಾರಿನಲ್ಲಿ ಹೋಗಿ, ಎದುರುಮನೆಯವರು ಹಾಕಿಸಿದ್ದ ಜಲ್ಲಿ ಗುಡ್ಡೆಗೆ ಬೆನ್ನು ಕೊಟ್ಟು ನಿಂತಿತು. ಅಮ್ಮ ಆರತಿ ತಟ್ಟೆ ಹಿಡಿದುಕೊಂಡೇ ಅದರ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತರು.

"ಏನ್ಲಾ ಇದು! ನಿಂಬೆಅಣ್ಣಿಗೆ ಎದ್ರಿಕೊಂಡು ಇಂದ್ಕೆ ಓಗೋ ಕಾರ್ನ ನಾನ್ ನೋಡೇ ಇರ್ನಿಲ್ಲ ಕಣಪ್ಪ."

ಸಿದ್ದರಾಜುವಿಗೆ ಫೋನ್ ಮಾಡಿದೆ. ಅವನು ಸ್ವಲ್ಪವೂ ಗಾಬರಿಯಾಗಲಿಲ್ಲ.

"ಅದು ಬ್ರೇಕ್ ಅಲ್ಲ ಕಣಣ್ಣ, ಹ್ಯಾಂಡ್ ಬ್ರೇಕು. ಅದು ಬ್ಯಾರೆ ಡಿಪಾರ್ಟ್‌ಮೆಂಟು. ಅದ್ರ ಕೇಬಲ್ಲು ಡ್ರಮ್ ಒಳಗೆ ಇತ್ತಲ್ಲ? ಡ್ರಮ್ಮೇ ಇಲ್ಲ ಅಂದ್ಮೇಲೆ ಅದು ಯಾವನ್ನ ಎಳೀತದೆ? ಕಟ್ ಮಾಡಿ ಕೆಳಗೆ ಸುತ್ತಿ ಕಟ್ಟಿವ್ನಿ."

"ಮತ್ತೆ ಕಾರು ನಿಲ್ಲಿಸೋದು ಹೆಂಗೆ?"

"ಡಿಕ್ಕೀಲಿ ಒಂದು ದಪ್ಪ ಕಲ್ಲು ಮಡಿಕಳಿ. ಎತ್ತಿನ ಗಾಡಿಗೆ ಕೊಡ್ತಿರ್ನಿಲ್ವಾ?"

ನಾನು ಜಲ್ಲಿ ಗುಡ್ಡೆಯ ಪಕ್ಕದಿಂದ ಒಂದು ಒಳ್ಳೆಯ ಕಲ್ಲನ್ನು ಆರಿಸಿ ಡಿಕ್ಕಿಯಲ್ಲಿ ಇಡುವುದನ್ನು ಭಾಗ್ಯ ಎದೆಯ ಮೇಲೆ ಕೈಕಟ್ಟಿಕೊಂಡು ನೋಡಿದಳು. ಮೇಡಂಗಳು ತಪ್ಪು ಲೆಕ್ಕ ಮಾಡುತ್ತಿರುವ ಹುಡುಗರನ್ನು ಹಾಗೆ ನೋಡುತ್ತಾರೆ.

ಹೊರಟೆವು. ನಾನು ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ಭಾಗ್ಯ, ಹಿಂದೆ ಅಮ್ಮ ಮುಂದಿನ ಸೀಟನ್ನು ತಬ್ಬಿಕೊಂಡು. ಮಳವಳ್ಳಿ ರಸ್ತೆ ಖಾಲಿ ಇತ್ತು. ಹಿತವಾದ ಬಿಸಿಲು, ಎರಡೂ ಕಡೆ ಕಬ್ಬು. ಅಲ್ಲಲ್ಲಿ ಮೆಲ್ಲಗೆ ಬ್ರೇಕ್ ಮುಟ್ಟಿ ನೋಡಿದೆ. ಮುಟ್ಟುವ ಮೊದಲೇ ಹಿಡಿಯುತ್ತಿತ್ತು!

"ನೋಡಿದೆಯಾ?" ಎಂದೆ ಭಾಗ್ಯಳಿಗೆ.

"ನೋಡಿದೆ. ಏನೋ ಸೀದ ವಾಸನೆ ಬರ್ತಾ ಇದೆ."

"ಹೊಸದು ಹಾಗೇ."

ನಮ್ಮ ಜಿಲ್ಲೆಯ ರಸ್ತೆಗಳಿಗೆ ಈ ಕಾಲದಲ್ಲಿ ಎರಡು ಉದ್ಯೋಗ. ಒಂದು, ವಾಹನಗಳು ಓಡಾಡುವುದು. ಇನ್ನೊಂದು, ಒಕ್ಕಣೆ. ಈಗ ಕಣ ಮಾಡುವವರು ಯಾರು, ರೋಣಗಲ್ಲು ಎಳೆಯುವ ಎತ್ತುಗಳು ಎಲ್ಲಿ? ಹುರುಳಿ, ರಾಗಿ ಏನೇ ಬೆಳೆದಿರಲಿ, ಕಿತ್ತು ತಂದು ಡಾಂಬರಿನ ಮೇಲೆ ದಪ್ಪಗೆ ಹಾಸಿಬಿಡುತ್ತಾರೆ. ಬಸ್ಸು, ಲಾರಿ, ಕಾರು, ಬೈಕು ಎಲ್ಲವೂ ಬಿಟ್ಟಿ ದುಡಿಮೆಗೆ ಬಂದಂತೆ ಅದನ್ನು ತುಳಿದುಕೊಂಡು ಹೋಗುತ್ತವೆ. ಸಂಜೆಗೆ ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಹಾಗೆ ಮಾಡಬಾರದು ಎಂದು ಹೇಳುವವರು ಹೇಳುತ್ತಲೇ ಇದ್ದಾರೆ, ಹಾಸುವವರು ಹಾಸುತ್ತಲೇ ಇದ್ದಾರೆ.

ಒಂದು ಊರು ದಾಟಿದ ಮೇಲೆ ಅಂಥದ್ದೇ ಒಂದು ಹುರುಳಿಯ ಹಾಸಿಗೆ ಕಂಡಿತು. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ, ಮೊಣಕಾಲುದ್ದ. ಅಂಚಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಹೆಂಗಸು ಕವೆಗೋಲು ಹಿಡಿದು ನಿಂತಿದ್ದರು. ಹಿಂದೆ ಮುಂದೆ ಒಂದು ಗಾಡಿಯೂ ಇರಲಿಲ್ಲ. ನನ್ನ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಆ ಯೋಚನೆಯ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

"ಭಾಗ್ಯ, ಇಂಥ ಕಡೆ ಜಾರುತ್ತೆ ಅಂತ ಎಲ್ಲರೂ ಹೆದರ್ತಾರೆ. ಡಿಸ್ಕ್ ಬ್ರೇಕ್ ಇದ್ದರೆ ಹೆದರಬೇಕಾಗಿಲ್ಲ. ಹೀಗೆ ಬಂದು, ಹೀಗೆ ತುಳಿದರೆ…"

ತುಳಿದೆ.

ಆಮೇಲೆ ತಿಳಿದುಕೊಂಡದ್ದನ್ನು ಈಗಲೇ ಹೇಳಿಬಿಡುತ್ತೇನೆ. ಬ್ರೇಕ್ ಹಾಕಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂಭಾಗ ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ಮೆತ್ತನೆಯ ಬ್ರೇಕೇ ಸಾಕು, ಅದಕ್ಕಾಗಿಯೇ ಕಾರು ಮಾಡಿದವರು ಅಲ್ಲಿ ಡ್ರಮ್ ಇಟ್ಟಿದ್ದರು. ಹಿಂದೆ ದೊಡ್ಡ ಡಿಸ್ಕ್ ಹಾಕಿದರೆ ಅದಕ್ಕೆ ಹೋಗುವ ಒತ್ತಡವನ್ನು ತಗ್ಗಿಸಬೇಕು. ತಗ್ಗಿಸುವ ಸಾಧನವೇ ಆ ದಾಡಿಯವನು ಕೈಯಲ್ಲಿ ಹಿಡಿದುಕೊಂಡು ಗೋಗರೆಯುತ್ತಿದ್ದ ಹಿತ್ತಾಳೆ ಸಾಮಾನು! ತಗ್ಗಿಸದಿದ್ದರೆ ಮೊದಲು ಹಿಂದಿನ ಚಕ್ರಗಳು ನಿಂತುಬಿಡುತ್ತವೆ. ಹಿಂದಿನ ಚಕ್ರ ಮೊದಲು ನಿಂತರೆ ಬಾಲವೇ ತಲೆಗಿಂತ ಮುಂದೆ ಬರಲು ನೋಡುತ್ತದೆ.

ಬಂತು. ಕಬ್ಬು, ಆಕಾಶ, ಟವೆಲ್ಲಿನ ಹೆಂಗಸು, ಮತ್ತೆ ಕಬ್ಬು, ಮತ್ತೆ ಆ ಹೆಂಗಸು ನನ್ನ ಕಣ್ಣ ಮುಂದೆ ಮೆರವಣಿಗೆ ಹೋದರು. ಸ್ಟೀರಿಂಗನ್ನು ಯಾವ ಕಡೆಗೆ ತಿರುಗಿಸಿದರೂ ಅದಕ್ಕೆ ಬೇಸರವಿರಲಿಲ್ಲ. ಕಾರು ಹುರುಳಿಯ ಮೇಲೆ ಒಂದೂವರೆ ಸುತ್ತು ಹಾಕಿ, ಯಾರಿಗೂ ಏನೂ ತಗುಲಿಸದೆ, ಮೆತ್ತಗೆ ನಿಂತಿತು. ನಾನು ಕಣ್ಣು ಬಿಟ್ಟಾಗ ನಾವು ಬಂದ ದಾರಿಯನ್ನೇ ನೋಡುತ್ತಿದ್ದೆವು. ಭಾಗ್ಯ ಎರಡೂ ಕೈಗಳಿಂದ ನನ್ನ ತೋಳನ್ನು ಹಿಡಿದಿದ್ದಳು.

ಮೊದಲು ಮಾತಾಡಿದವರು ಅಮ್ಮ.

"ಯಾಕ್ಲಾ ತಿರುಗ್ಸ್ಕಂಡೆ? ಮನೇಲಿ ಏನಾರ ಮರ್ತ್ ಬಂದ್ಯಾ?"

ಅಷ್ಟರಲ್ಲಿ ಕಿಟಕಿಯ ಹತ್ತಿರ ಆ ಹೆಂಗಸು ಬಂದರು. ಬೈಯುತ್ತಾರೆ, ಬೈಯಿಸಿಕೊಳ್ಳಲು ತಕ್ಕವನಾಗಿಯೂ ಇದ್ದೇನೆ ಎಂದು ಗಾಜು ಇಳಿಸಿದೆ. ಅವರು ಬಗ್ಗಿ ಕಾರಿನ ಕೆಳಗೆ ನೋಡಿದರು, ಒಂದು ಹಿಡಿ ಹುರುಳಿ ತೆಗೆದು ಅಂಗೈಯಲ್ಲಿ ಉಜ್ಜಿ ಊದಿದರು. ಕಾಳು ನಿಚ್ಚಳವಾಗಿ ಉಳಿಯಿತು.

"ಬಾಳ ಚೆನ್ನಾಗಿ ಒಕ್ತು ಸ್ವಾಮಿ! ಬೆಳಗ್ಗಿಂದ ಅದೆಷ್ಟು ಗಾಡಿ ಓದ್ವೋ, ಸುಮ್ಕೆ ಮೇಲೆ ಮೇಲೆ ಓಗ್ತವೆ. ಇಂಗೆ ಸುತ್ತು ಒಡ್ದು ತುಳ್ದೋರು ನೀವೇಯ. ಆ ಕಡೀಕೂ ಒಂದ್ ಸುತ್ತು ತಿರುಗ್ಸ್‌ಬುಡಿ."

"ಅದು… ಬೇಕು ಅಂತ ತಿರುಗಿಸಿದ್ದಲ್ಲ ತಾಯಿ."

"ಎಂಗೋ ಒಂದು. ತಿರುಗ್ತಲ್ಲ!"

ಆಗ ಭಾಗ್ಯ "ಹೊಗೆ!" ಎಂದು ಕೂಗಿದಳು. ಹಿಂದಿನ ಎಡಚಕ್ರದಿಂದ ಹೊಗೆ ಬರುತ್ತಿತ್ತು. ಇಳಿದು ಓಡಿ ನೋಡಿದೆ. ಡ್ರಮ್ ಬ್ರೇಕ್ ಇದ್ದಿದ್ದರೆ ಎಲ್ಲವೂ ಮುಚ್ಚಿದ ಬೋಗುಣಿಯೊಳಗೆ ಇರುತ್ತಿತ್ತು. ನನ್ನ ಡಿಸ್ಕು ಬಯಲಲ್ಲಿತ್ತಲ್ಲ, ಗಾಳಿಯಾಡಲಿ ಎಂದು? ಗಾಳಿಯ ಜೊತೆ ಹುರುಳಿ ಬಳ್ಳಿಯೂ ಆಡಿತ್ತು. ತಟ್ಟೆಗೂ ಇಕ್ಕಳಕ್ಕೂ ನಡುವೆ ಹಗ್ಗ ಹೊಸೆದಂತೆ ಸುತ್ತಿಕೊಂಡು, ಕಾದ ಕಬ್ಬಿಣಕ್ಕೆ ತಾಗಿ ಕರಕಲಾಗುತ್ತಿತ್ತು. ಕೆಳಗೆ ರಸ್ತೆಯ ತುಂಬ ಒಣ ಹುರುಳಿ. ಒಂದು ಕಿಡಿ ಬಿದ್ದರೆ ಕಾರೂ ಹೋಗುತ್ತದೆ, ಆ ತಾಯಿಯ ಬೆಳೆಯೂ ಹೋಗುತ್ತದೆ.

ಆ ಹೆಂಗಸು ಗಡಿಬಿಡಿ ಮಾಡಲಿಲ್ಲ. ಮರದ ಕೆಳಗಿದ್ದ ನೀರಿನ ಕೊಡ ತಂದು ಚಕ್ರದ ಮೇಲೆ ಬೋರಲು ಹಾಕಿದರು. ಸೊಂಯ್ ಎಂದಿತು. ಅದರ ಹಿಂದೆಯೇ "ಟಣ್" ಎಂದು ಒಂದು ಶಬ್ದ ಬಂತು. ಕಾದ ಡಿಸ್ಕು ಬಿರುಕು ಬಿಟ್ಟ ಶಬ್ದ ಅದು.

"ಅಬ್ಬಕ್ಕೆ ಇನ್ನೂ ಎಲ್ಡು ದಿನ ಅದೆ," ಎಂದರು ಅವರು ಕೊಡ ಕೆಳಗಿಡುತ್ತಾ. "ಈಗ್ಲೇ ಕಾರ್ನ ಕಿಚ್ಚಾಯ್ಸ್‌ಬುಟ್ರಲ್ಲ ಸ್ವಾಮಿ!"

ಸಂಕ್ರಾಂತಿಯ ಸಂಜೆ ಹಸು ಎತ್ತುಗಳಿಗೆ ಸಿಂಗಾರ ಮಾಡಿ ಬೆಂಕಿ ದಾಟಿಸುತ್ತೇವೆ, ದೃಷ್ಟಿ ಹೋಗಲಿ ಎಂದು. ನನ್ನ ಕಾರಿಗೆ ಆ ಯೋಗ ಮುಂಚಿತವಾಗಿಯೇ ಬಂದಿತ್ತು. ಭಾಗ್ಯಳಿಗೆ ನಗು ತಡೆಯಲಾಗಲಿಲ್ಲ. ಅಷ್ಟು ಹೊತ್ತು ಬಿಳಿಚಿಕೊಂಡಿದ್ದವಳು ರಸ್ತೆಯ ಮಧ್ಯೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸರಿ, ಸುತ್ತಿಕೊಂಡ ಬಳ್ಳಿಯನ್ನಾದರೂ ಬಿಡಿಸೋಣ ಎಂದು ನಾನೂ ಆ ಹೆಂಗಸೂ ಚಕ್ರದ ಬಳಿ ಕೂತು ಎಳೆಯತೊಡಗಿದೆವು. ಅವರ ಹೆಸರು ಚಿಕ್ಕತಾಯಮ್ಮ ಎಂದು ಆಗ ತಿಳಿಯಿತು. ಹುರುಳಿ ಎಷ್ಟು ವರ್ಷದಿಂದ ಬೆಳೆಯುತ್ತಿದ್ದೀರಿ, ಈ ಸಲ ಇಳುವರಿ ಹೇಗೆ ಎಂದೆಲ್ಲ ಕೇಳಿದೆ. ಆಪತ್ತಿನಲ್ಲಿ ಮನುಷ್ಯನಿಗೆ ಏನಾದರೂ ಮಾತಾಡಬೇಕು ಅನ್ನಿಸುತ್ತದೆ. ಈ ಚಕ್ರದ್ದು ಬಿಡಿಸಿ, ಬಲಚಕ್ರದ್ದೂ ಬಿಡಿಸಿ, ಕೊನೆಯ ಎಳೆಯನ್ನು ಕಿತ್ತು ಹೊರಗೆ ಎಸೆದೆ.

ಕಾರು ಹೊರಟಿತು.

ಅಷ್ಟು ಹೊತ್ತು ಅದನ್ನು ಹಿಡಿದು ನಿಲ್ಲಿಸಿದ್ದು ಹುರುಳಿ ಬಳ್ಳಿ! ನಾನು ಗಾಬರಿಯಲ್ಲಿ ಗೇರಿಗೂ ಹಾಕದೆ ಇಳಿದಿದ್ದೆ. ರಸ್ತೆ ಅಲ್ಲಿ ಕಬ್ಬಿನ ಗದ್ದೆಯ ಕಡೆಗೆ ತುಸು ವಾಲಿತ್ತು. ಕಾರಿನೊಳಗೆ ಅಮ್ಮ ಒಬ್ಬರೇ. ಚಕ್ರಕ್ಕೆ ಕೊಡಲು ಕಲ್ಲು ಇತ್ತು. ಕಲ್ಲು ಡಿಕ್ಕಿಯಲ್ಲಿತ್ತು. ಡಿಕ್ಕಿ ಕಾರಿನ ಜೊತೆ ಹೋಗುತ್ತಿತ್ತು.

ನಾನು ಹಿಂದಿನಿಂದ ಬಂಪರ್ ಹಿಡಿದು ಎಳೆದೆ. ಕಾರು ನನ್ನನ್ನು ಎಳೆಯಿತು. ಹುರುಳಿಯ ಮೇಲೆ ಚಪ್ಪಲಿ ಜಾರಿ ಮೊಣಕಾಲೂರಿ ಬಿದ್ದರೂ ಬಿಡಲಿಲ್ಲ. ಹಾಗೇ ದೇವರಿಗೆ ಹರಕೆ ಹೊತ್ತವನಂತೆ ಒಂದಷ್ಟು ದೂರ ಹೋದೆ. ಒಳಗಿನಿಂದ ಅಮ್ಮನ ದನಿ ಕೇಳಿಸುತ್ತಿತ್ತು.

"ಒಂಟ್ಯಾ ಮಗ? ಭಾಗ್ಯನ್ನ ಅತ್ತಿಸ್ಕಳ್ಲಾ! ಬಾಗ್ಲು ತೆಗ್ದೇ ಅದೆ!"

ತೆಗೆದಿದ್ದ ಬಾಗಿಲೇ ನಮ್ಮನ್ನು ಉಳಿಸಿತು. ಭಾಗ್ಯ ಸೀರೆಯ ನೆರಿಗೆ ಎತ್ತಿ ಹಿಡಿದು ನಾಲ್ಕು ಹೆಜ್ಜೆ ಓಡಿ, ಡ್ರೈವರ್ ಸೀಟಿಗೆ ಹಾರಿ ಕೂತಳು. ಕಟಕ್ ಎಂದು ಗೇರ್ ಬಿದ್ದ ಶಬ್ದ. ಕಾರು ಒಂದು ಸಲ ಮುಗ್ಗರಿಸಿ ನಿಂತಿತು. ಮುಂದಿನ ಚಕ್ರಕ್ಕೂ ಕಬ್ಬಿನ ಗದ್ದೆಯ ಹಳ್ಳಕ್ಕೂ ನಡುವೆ ಒಂದು ಮೊಳ ಜಾಗವಿತ್ತು. ನಾನು ರಸ್ತೆಯ ಮೇಲೆ ಕೂತೆ.

ಅಮ್ಮನಿಗೆ ಏನೂ ಆಗಿರಲಿಲ್ಲ. ಆಗಬಹುದಿತ್ತು ಎಂದು ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಯಾರನ್ನು ಕಾಪಾಡಬೇಕೆಂದು ಇಷ್ಟೆಲ್ಲ ಮಾಡಿದೆನೋ ಅವಳು ನನ್ನ ತಾಯಿಯನ್ನು ಕಾಪಾಡಿದ್ದಳು. ಅದೂ ನನ್ನಿಂದ!

"ಡ್ರೈವಿಂಗ್ ಸ್ಕೂಲಿನಲ್ಲಿ ಮೊದಲನೇ ದಿನವೇ ಹೇಳಿಕೊಟ್ಟರು," ಎಂದಳು ಭಾಗ್ಯ ಇಳಿದು ಬಂದು. "ಇಳಿಯುವಾಗ ಗೇರಿಗೆ ಹಾಕಿ ಇಳಿಯಬೇಕು ಅಂತ. ನಿಮಗೆ ಯಾರು ಕಲಿಸಿದ್ದು?"

ನಾನು ಸ್ವಂತವಾಗಿ ಕಲಿತವನು. ಅದನ್ನು ಹೇಳಲು ಅದು ಸರಿಯಾದ ಸಮಯವಾಗಿರಲಿಲ್ಲ.

ಫೋನ್ ಮಾಡಿದ ಮೇಲೆ ಸಿದ್ದರಾಜು ಬೈಕಿನಲ್ಲಿ ಬಂದ. ಬಿರುಕು ಬಿಟ್ಟ ಡಿಸ್ಕನ್ನು ಸುತ್ತ ನೋಡಿ, "ಗುಜರಿಯೋನು ಮೋಸ ಮಾಡವ್ನೆ ಕಣಣ್ಣ," ಎಂದ. ಆಮೇಲೆ ಹಿಂದಿನ ಚಕ್ರಗಳಿಗೆ ಬ್ರೇಕ್ ಎಣ್ಣೆ ಹೋಗುವ ಪೈಪನ್ನು ಮುಚ್ಚಿದ. ಈಗ ಮುಂದಿನ ಬ್ರೇಕುಗಳು ಮಾತ್ರ ಕೆಲಸ ಮಾಡುತ್ತವೆ, ನಡೆದುಕೊಂಡು ಹೋದಷ್ಟು ನಿಧಾನವಾಗಿ ಮನೆ ಸೇರಬೇಕು, ತಾನು ಬೈಕಿನಲ್ಲಿ ಹಿಂದೆಯೇ ಬರುತ್ತೇನೆ ಎಂದ.

"ನಿಧಾನ ಅಂದರೆ ಕೀಲಿ ನನಗೆ ಕೊಡಿ," ಎಂದಳು ಭಾಗ್ಯ.

ಕೊಟ್ಟೆ. ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತು, ನನ್ನ ಕಾರನ್ನು ನನ್ನ ಹೆಂಡತಿ ಓಡಿಸುವುದನ್ನು ಮೊದಲ ಸಲ ನೋಡಿದೆ. ದೂರದಲ್ಲಿ ಟ್ರ್ಯಾಕ್ಟರ್ ಕಂಡಾಗಲೇ ಕಾಲು ತೆಗೆಯುತ್ತಾಳೆ, ಗೇರ್ ಇಳಿಸುತ್ತಾಳೆ, ಅದು ಹತ್ತಿರ ಬರುವ ವೇಳೆಗೆ ಕಾರು ತಾನಾಗಿಯೇ ನಿಧಾನವಾಗಿರುತ್ತದೆ. ಹಾರನ್ ಹೊಡೆಯುವುದಿಲ್ಲ, ಯಾರನ್ನೂ ಬೈಯುವುದಿಲ್ಲ. ಇದಕ್ಕೆ ಡ್ರೈವಿಂಗ್ ಎನ್ನಬಹುದೆಂದೇ ನನಗೆ ಗೊತ್ತಿರಲಿಲ್ಲ. ಅವಳ ಬಗ್ಗೆ ಬಹಳ ಹೆಮ್ಮೆಯಾಯಿತು, ಹೊಟ್ಟೆಯೂ ಉರಿಯಿತು.

"ಎಷ್ಟ್ ಚೆಂದಾಗಿ ಓಡುಸ್ತೀಯವ್ವ, ತೊಟ್ಲು ತೂಗ್ದಂಗೆ," ಎಂದು ಅಮ್ಮ ಮದ್ದೂರು ಬರುವ ಮೊದಲೇ ನಿದ್ದೆ ಹೋದರು.

ಹಬ್ಬ ಮುಗಿದ ಮಾರನೆಯ ದಿನದಿಂದ ಮಳವಳ್ಳಿಯಲ್ಲಿ ಇಬ್ಬರು ಮೇಡಂಗಳನ್ನು ಹತ್ತಿಸಿಕೊಳ್ಳುವುದಾಗಿ ಭಾಗ್ಯ ಆಗಲೇ ಮಾತು ಕೊಟ್ಟಿದ್ದಳು. ನನ್ನನ್ನು ಬೈಯಲಿಲ್ಲ. "ನಾನು ಮತ್ತೆ ಆ ಆಟೋದಲ್ಲಿ ಯಾರ ಮೊಣಕಾಲ ಮೇಲೂ ಕೂರಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಕ್ರಾಂತಿಯ ದಿನ ಊರೆಲ್ಲ ಎಳ್ಳು ಬೀರುತ್ತಿರುವಾಗ ನಾನೂ ಸಿದ್ದರಾಜುವೂ ಅಂಗಳದಲ್ಲಿ ಕಾರಿನ ಕೆಳಗೆ ಮಲಗಿದ್ದೆವು. ಎಳ್ಳುಬೆಲ್ಲ ಕೊಡಲು ಬಂದವರು ನಮ್ಮ ಕಾಲುಗಳ ಹತ್ತಿರ ಪೊಟ್ಟಣ ಇಟ್ಟು ಹೋದರು. ಹಳೆಯ ಚಕ್ರಗಳು ಗ್ಯಾರೇಜಿನಲ್ಲಿದ್ದವು. ಹ್ಯಾಂಡ್ ಬ್ರೇಕಿಗೆ ಹೊಸ ಕೇಬಲ್ ಸಿಕ್ಕಿತು. ಹಾಲಿನ ಪಾತ್ರೆಯ ಮೇಲಿನ ಡ್ರಮ್ಮನ್ನು ಅಮ್ಮ ಸುಲಭವಾಗಿ ಬಿಟ್ಟುಕೊಟ್ಟರು. ದೊಡ್ಡಪತ್ರೆಯ ಡ್ರಮ್ಮಿನ ಹತ್ತಿರ ಮಾತ್ರ ಅಡ್ಡ ನಿಂತರು.

"ಅದ ಕೀಳ್ಬ್ಯಾಡ ಕಣ್ಲಾ! ಈಗ್ತಾನೆ ಚಿಗುರ್ತಾ ಅದೆ."

"ಅಮ್ಮ, ಅದು ಬ್ರೇಕು."

"ನೀನೇ ತಾನೆ ಜನ್ಮದಲ್ಲಿ ಬ್ಯಾಡ ಅಂದಿದ್ದು?"

ಬದಲಿಗೆ ಒಳ್ಳೆಯ ಡಿಸ್ಕೊಂದನ್ನು ಕೊಟ್ಟು ನೋಡಿದೆ. ಅಮ್ಮ ಅದನ್ನು ಎತ್ತಿ, ನಡುವಿನ ದೊಡ್ಡ ತೂತಿನಿಂದ ನನ್ನ ಮುಖ ನೋಡಿ, "ಇದ್ರಲ್ಲಿ ಮಣ್ಣು ನಿಂತದಾ?" ಎಂದು ಕೇಳಿದರು. ಡಿಸ್ಕ್ ಬ್ರೇಕಿನ ಬಗ್ಗೆ ಯಾವ ವಿಡಿಯೋದಲ್ಲೂ ಹೇಳದ ಕೊರತೆ ಇದು. ಕೊನೆಗೆ ಭಾಗ್ಯ ತನ್ನ ಹೊಸ ಪ್ಲಾಸ್ಟಿಕ್ ಬಕೆಟ್ಟನ್ನು ತ್ಯಾಗ ಮಾಡಿ, ಗಿಡವನ್ನು ಅದರಲ್ಲಿ ಕೂಡಿಸಿದಳು. ಡ್ರಮ್ಮು ತೊಳೆದು, ಒರೆಸಿ, ಅದರ ಹುಟ್ಟೂರಿಗೆ ಸೇರಿಸಿದೆವು. ಈ ಸಲ ಸಿದ್ದರಾಜು ಪ್ರತಿಯೊಂದು ಬೋಲ್ಟನ್ನೂ ನನ್ನ ಕೈಯಿಂದ ಮುಟ್ಟಿಸಿ, ಬೀದಿಯಲ್ಲಿ ಹತ್ತು ಸಲ ಓಡಿಸಿ, ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸಿದ. ಹ್ಯಾಂಡ್ ಬ್ರೇಕ್ ಕರ್ರ್ ಎಂದು ಸದ್ದು ಮಾಡಿ ಹಿಡಿಯಿತು. ಅಷ್ಟು ಚೆಂದದ ಸದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಭಾಗ್ಯ ಒಬ್ಬಳೇ ಹೊರಟಳು. "ಹುಷಾರು," ಎಂದೆ. ಕಾರು ಬೀದಿಯ ತಿರುವು ದಾಟುವವರೆಗೂ ನಿಂತಿದ್ದು, ಆಮೇಲೆ ಬಸ್ಸು ಹಿಡಿದು ಮಂಡ್ಯಕ್ಕೆ ಹೋದೆ. ಕಚೇರಿಯಲ್ಲಿ ಫೋನನ್ನು ಫೈಲುಗಳ ಮೇಲೆ ಇಟ್ಟುಕೊಂಡು ಅದರ ಮುಖವನ್ನೇ ನೋಡುತ್ತಾ ಕೂತೆ. ಅದು ಬಡಿದುಕೊಂಡಾಗ ನನ್ನ ಎದೆಯೂ ಬಡಿದುಕೊಂಡಿತು.

"ತಲುಪಿದೆ ಕಣ್ರೀ," ಎಂದಳು ಭಾಗ್ಯ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಬ್ರೇಕ್ ಹೆಂಗಿತ್ತು?"

"ಹಾಕೋ ಪ್ರಮೇಯವೇ ಅಷ್ಟಾಗಿ ಬರಲಿಲ್ಲ. ಒಂದು ಕಡೆ ಮಾತ್ರ ಗಟ್ಟಿಯಾಗಿ ತುಳಿದೆ. ಚೆನ್ನಾಗಿ ನಿಂತಿತು."

"ಎಲ್ಲಿ? ಏನಾಯ್ತು?"

"ಏನೂ ಆಗಲಿಲ್ಲ. ಚಿಕ್ಕತಾಯಮ್ಮ ಕಾರು ಗುರುತು ಹಿಡಿದು ಕೈ ಅಡ್ಡ ಹಾಕಿದರು. ಒಳಗೆಲ್ಲ ಹುಡುಕಿ ನೋಡಿದರು. 'ನಿಮ್ ಯಜಮಾನ್ರು ಬರ್ನಿಲ್ವೇನವ್ವ? ಮ್ಯಾಲಿನ್ ಹೊಲದ್ದು ಉರುಳಿ ಅಂಗೇ ಅದೆ, ಒಸಿ ಕಳ್ಸವ್ವ' ಅಂದರು."

ಫೋನ್ ಇಟ್ಟೆ. ಬೇಸರ ಮಾಡಿಕೊಳ್ಳೋಣ ಅನ್ನಿಸಿತು. ಆದರೆ ಯೋಚಿಸಿ ನೋಡಿದರೆ, ಇಷ್ಟು ವರ್ಷಗಳಲ್ಲಿ ಆ ಕಾರನ್ನು ಇಟ್ಟುಕೊಂಡು ನಾನು ಮಾಡಿದ ಕೆಲಸಗಳಲ್ಲಿ, ಇನ್ನೊಂದು ಸಲ ಮಾಡಿಕೊಡಿ ಎಂದು ಯಾರಾದರೂ ಕೇಳಿರುವುದು ಅದೊಂದನ್ನೇ.